ಸಾಗುವಾನಿಗೆ ಎಂತ ಹಚ್ಚೂದು?

ಕಳೆದ ಮೂರು ಶನಿವಾರದಿಂದ ನನ್ನದು ಒಂದೇ ಕೆಲಸ. ಬಲಗೈಯಲ್ಲಿ ಸ್ಕ್ರೇಪರ್, ಎಡಗೈಯಲ್ಲಿ ಹೀಟ್ ಗನ್, ಮಂಡಿ ಕೆಳಗೊಂದು ಹಳೇ ದಿಂಬು. ಹೋದ ವರ್ಷ ನಾನೇ ಮುತುವರ್ಜಿಯಿಂದ ಹಚ್ಚಿದ್ದ ಕೋಟಿಂಗನ್ನು ಈಗ ನಾನೇ ಕೆರೆದು ತೆಗೀತಾ ಇದ್ದೀನಿ. "ಇದನ್ನ ಹಚ್ಚಿದ್ರೆ ವರ್ಷಗಟ್ಟಲೆ ಯೋಚನೆಯೇ ಬೇಡ" ಅಂತ ಹೇಳಿ ಹಚ್ಚಿದ್ದು. ಹದಿನಾಲ್ಕು ತಿಂಗಳು ಬಂತು!

ಹಾಯಿದೋಣಿ ಅಂದ ಕೂಡ್ಲೇ ಇವನ ಹತ್ರ ದುಡ್ಡು ಕೊಳೀತಾ ಇದೆ ಅಂದ್ಕೋಬೇಡಿ. ನನ್ನದು ಅದರಲ್ಲಿ ಕಾಲು ಪಾಲು ಅಷ್ಟೆ. ಇಲ್ಲಿ ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿ, ಚೆಸಪೀಕ್ ಕೊಲ್ಲಿಗೆ ಸೇರೋ ಒಂದು ತೊರೆಯಲ್ಲಿ ನಿಂತಿರೋ 34 ಅಡಿಯ ಮುದಿ ದೋಣಿ, 1981ರಲ್ಲಿ ತೈವಾನಿನಲ್ಲಿ ಕಟ್ಟಿದ್ದು. ಆ ಕಾಲದ ತೈವಾನ್ ದೋಣಿಗಳ ಮೈ ಫೈಬರ್‌ಗ್ಲಾಸಿನದಾದ್ರೂ ಮೇಲೆಲ್ಲ ಸಾಗುವಾನಿಯ ಒಡವೆ ಹೇರಿರ್ತಾರೆ. ಸುತ್ತಲೂ ಅಂಚುಪಟ್ಟಿ, ಹಿಡ್ಕೊಂಡು ನಡೆಯೋಕೆ ಕಟಾಂಜನ, ಒಳಗಿಳಿಯೋ ಬಾಗಿಲಿಗೆ ಮೂರು ಹಲಗೆ. ಉಳಿದ ಮುಕ್ಕಾಲು ಪಾಲು ನಾವೆಲ್ಲ ಕ್ಯಾಪ್ಟನ್ ಅಂತ ಕರೆಯೋ 76 ವರ್ಷದ ನಿವೃತ್ತ ಮೇಷ್ಟ್ರದ್ದು.

ಆ ಮರಕ್ಕೆಲ್ಲ ವಾರ್ನಿಶ್ ಹಚ್ಚುತ್ತಿದ್ದವರು ಕ್ಯಾಪ್ಟನ್ ಅಲ್ಲ, ಅವರ ಹೆಂಡತಿ. ಇಪ್ಪತ್ತೆರಡು ವರ್ಷ, ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ. ಆಕೆ ತೀರಿಕೊಂಡು ನಾಲ್ಕು ವರ್ಷವಾಯ್ತು. ನಾನು ಪಾಲು ತಗೊಂಡಾಗ ಕಟಾಂಜನದ ವಾರ್ನಿಶ್ ಈರುಳ್ಳಿ ಸಿಪ್ಪೆ ಥರ ಏಳ್ತಾ ಇತ್ತು. ಕ್ಯಾಪ್ಟನ್ ಆ ಕಡೆ ನೋಡ್ತಾನೇ ಇರ್ಲಿಲ್ಲ. ಮಾರಿಬಿಡೋಣ ಅಂತ ಒಂದೆರಡು ಸಲ ಅಂದದ್ದೂ ಉಂಟು. ನಾನು ಜೋರಾಗಿ, "ಮರದ ಕೆಲಸ ನನಗೆ ಬಿಡಿ" ಅಂದೆ. ಸಾಫ್ಟ್‌ವೇರ್ ಮನುಷ್ಯ ನೋಡಿ, ಮನೆಗೆ ಬಂದವನೇ ಎಕ್ಸೆಲ್ ಶೀಟ್ ತೆರೆದೆ.

ಮೊದಲ ಸಾಲಿನಲ್ಲಿ ಟೀಕ್ ಆಯಿಲ್. ಹೆಸರು ಕೇಳಿ ಮೋಸ ಹೋಗ್ಬೇಡಿ, ಅದರಲ್ಲಿ ಸಾಗುವಾನಿಯದ್ದೇನೂ ಇರಲ್ಲ. ಸಾಮಾನ್ಯವಾಗಿ ಅಗಸೆ ಎಣ್ಣೆಯೋ ಟಂಗ್ ಎಣ್ಣೆಯೋ, ಜೊತೆಗೆ ಒಂದಿಷ್ಟು ತಿನ್ನರ್. ಹಚ್ಚಿದ ದಿನ ಮದುವೆ ಮನೆಯ ಬಾಗಿಲಿನ ಹಾಗೆ ಕಾಣುತ್ತೆ. ಕೆಲವೇ ವಾರದಲ್ಲಿ ಬಣ್ಣ ಇಳಿದು, ಬೂಷ್ಟು ಕೂತು ಕಪ್ಪಾಗುತ್ತೆ. ಎರಡನೆಯದು ಸ್ಪಾರ್ ವಾರ್ನಿಶ್. ಮೊದಲ ಕೋಟಿಗೆ ಅರ್ಧಕ್ಕರ್ಧ ತಿನ್ನರ್ ಬೆರೆಸಿ ನೀರಾಗಿಸಬೇಕು, ಹಾಗೆ ಏಳೆಂಟು ಕೋಟು, ಪ್ರತಿ ಕೋಟಿನ ಮಧ್ಯೆ ಸ್ಯಾಂಡ್‌ಪೇಪರ್. ಅಷ್ಟಾದ ಮೇಲೂ ಪ್ರತಿ ವರ್ಷ ಒಂದೆರಡು ಕೋಟು ಕೊಡ್ತಾ ಇರಬೇಕು. ಮೂರನೆಯದು ಸೆಟಾಲ್‌ನಂಥ ಬಣ್ಣ ಬೆರೆತ ಅರೆಪಾರದರ್ಶಕ ಲೇಪ. ಕೆಲಸ ಕಮ್ಮಿ, ಮೂರು ಕೋಟು ಸಾಕು, ಆದರೆ ಮರ ಸ್ವಲ್ಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ನಾಲ್ಕನೆಯದು ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್. ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಹೊಳಪು. "ಬಾಳಿಕೆ" ಅನ್ನೋ ಕಾಲಮ್ಮಿನಲ್ಲಿ ಅದಕ್ಕೇ ಹೆಚ್ಚು ಅಂಕ ಬಿತ್ತು. ಐದನೆಯದು ಏನೂ ಹಚ್ಚದೇ ಇರೋದು. ಅದಕ್ಕೆ ಸೊನ್ನೆ ಕೊಟ್ಟೆ.

ಕ್ಯಾಪ್ಟನ್ "ನಿನ್ನಿಷ್ಟ" ಅಂದರು. ಆಕೆಯ ಇಪ್ಪತ್ತೆರಡು ವರ್ಷದ ವಾರ್ನಿಶ್ಶನ್ನು ಎರಡು ವಾರಾಂತ್ಯದಲ್ಲಿ ಉಜ್ಜಿ ಪುಡಿ ಮಾಡಿದೆ. ಅವರು ಅಲ್ಲೇ ಕೂತಿದ್ದರು, ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಈಗ ಅದೇ ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಕೋಟಿಂಗ್ ಯಾಕೆ ಎದ್ದಿತು? ಡಬ್ಬಿಯ ತಪ್ಪೇನಿಲ್ಲ, ಪೂರ್ತಿ ನನ್ನದೇ. ಸಾಗುವಾನಿಯ ಒಳಗೇ ಎಣ್ಣೆ ಇದೆ. ಅದಕ್ಕೇ ಅದು ನೀರಿಗೆ ಹೆದರದ ಮರ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದ ಹಾಗೆ ಇದು ತಿನ್ನೋದೂ ಇಲ್ಲ. 1817ರಲ್ಲಿ ಬಾಂಬೆಯ ವಾಡಿಯಾಗಳು ಮಲಬಾರಿನ ಸಾಗುವಾನಿಯಲ್ಲಿ ಕಟ್ಟಿದ ಟ್ರಿಂಕೋಮಲೀ ಅನ್ನೋ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೇ ಇದೆ. ಆದರೆ ಮರವನ್ನು ಕಾಯುವ ಆ ಎಣ್ಣೆಯೇ ನಾವು ಹಚ್ಚುವ ಲೇಪಕ್ಕೆ ಹಿಡಿತ ಕೊಡಲ್ಲ. ಹಚ್ಚುವ ಮೊದಲು ಮೇಲ್ಮೈ ಎಣ್ಣೆಯನ್ನು ಅಸಿಟೋನಿನಿಂದ ಒರೆಸಿ, ಅದು ಆರಿದ ಕೂಡಲೇ ಹಚ್ಚಬೇಕು. ನಾನು ಬೆಳಿಗ್ಗೆ ಒರೆಸಿ, ಊಟ ಮುಗಿಸಿ, ಸಂಜೆ ಹಚ್ಚಿದೆ. ರಾತ್ರಿ ಇಬ್ಬನಿ ಬೇರೆ ಬಿತ್ತು. ಆಮೇಲೆ ಸ್ಕ್ರೂ ತಲೆ ಮುಚ್ಚಿದ ಮರದ ಬೆಣೆಗಳ ಸುತ್ತ, ಪಟ್ಟಿಗಳ ಸಂದಿನಲ್ಲಿ ನೀರು ಹೊಕ್ಕಿತು. ಮೇಲೆ ಗಾಜು ಹಾಗೇ ಇದೆ, ಅದರಡಿಯಲ್ಲಿ ತೊನ್ನು ಹತ್ತಿದಂತೆ ಬಿಳೀ ಮಚ್ಚೆ. ವಾರ್ನಿಶ್ ಆಗಿದ್ರೆ ಅಷ್ಟೇ ಜಾಗ ಉಜ್ಜಿ ತೇಪೆ ಹಾಕಬಹುದಿತ್ತು. ಇದರಲ್ಲಿ ತೇಪೆ ಕೂರಿಸೋದು ಬಲು ಕಷ್ಟ, ಮಚ್ಚೆ ಇಷ್ಟು ಹರಡಿದ ಮೇಲೆ ಪೂರ್ತಿ ಕೆರೆಯೋದೊಂದೇ ದಾರಿ. ನನ್ನ ಎಕ್ಸೆಲ್‌ನಲ್ಲಿ "ಕೆಟ್ಟರೆ ಏನು ಮಾಡೋದು" ಅನ್ನೋ ಕಾಲಮ್ಮೇ ಇರಲಿಲ್ಲ.

ಆ ಭಾನುವಾರ ಹೊನ್ನಾವರಕ್ಕೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ನಾನು ಚಿಕ್ಕವನಿದ್ದಾಗ ಮಳೆಗಾಲಕ್ಕೆ ಮುಂಚೆ ಅಪ್ಪ ದಣಪೆಗೆ, ಕಿಟಕಿ ಚೌಕಟ್ಟಿಗೆ, ಜಗುಲಿ ಕಂಬಕ್ಕೆ ಗೇರೆಣ್ಣೆ ಬಳೀತಿದ್ದರು. ಕೈಗೆ ತಾಗಿದ್ರೆ ಚರ್ಮ ಸುಟ್ಟು ಸುಲಿಯೋ ಕಪ್ಪು ಎಣ್ಣೆ. ನಮ್ಮನ್ನ ಹತ್ತಿರ ಸೇರಿಸುತ್ತಿರಲಿಲ್ಲ. ಕೆಳಗೆ ಕೇರಿಯ ದೋಣಿಗಳಿಗೂ ಅದನ್ನೋ ಮೀನೆಣ್ಣೆಯನ್ನೋ ಬಳೀತಿದ್ದರು.

"ಅಪ್ಪ, ಸಾಗುವಾನಿಗೆ ಎಂತ ಹಚ್ಚೂದು?"

"ಎಂತ ಹಚ್ಚಿದ್ರೂ ವರ್ಷ ವರ್ಷ ಹಚ್ಚೋರು ಬೇಕಲ ತಮಾ. ಹಚ್ಚೋರು ಇಲ್ದಿದ್ರೆ ಹಂಗೇ ಬಿಡು. ಸಾಗುವಾನಿ ಬೆಳ್ಳಗಾಗ್ತದೆ, ಸಾಯೂದಿಲ್ಲ."

"ನಮ್ಮನೆ ದಣಪೆಗೆ ಈ ಸಲ ಹಚ್ಚಿದ್ಯಾ?"

"ನನ್ನ ಕೈಲಿ ಎಲ್ಲಿ ಆಗ್ತದೆ ಈಗ? ಹಂಗೇ ಬಿಟ್ಟಿದ್ದೇನೆ."

ಅಷ್ಟು ಹೇಳಿ ಅಪ್ಪ ಅಡಿಕೆ ರೇಟಿನ ಮಾತು ತೆಗೆದರು. ನಾನು ಹೂಂ ಹೂಂ ಅಂತಿದ್ದೆ, ರೇಟು ಎಷ್ಟು ಅಂದರೋ ತಲೆಗೆ ಹೋಗಲಿಲ್ಲ.

ಅಪ್ಪ ಹೇಳಿದ್ದು ನಿಜ. ಬಿಸಿಲಿನ ನೇರಳಾತೀತ ಕಿರಣ ಮರದ ಎಳೆಗಳನ್ನ ಅಂಟಿಸಿಟ್ಟ ಲಿಗ್ನಿನ್ನನ್ನು ಕೆಡಿಸುತ್ತೆ, ಮಳೆ ಅದನ್ನ ತೊಳೆದು ಹಾಕುತ್ತೆ. ಉಳಿಯೋದೇ ಆ ಬೂದಿ ಬಣ್ಣ. ಅದು ಮೇಲಿನ ತೆಳು ಪದರ ಅಷ್ಟೆ, ಕೆಳಗೆ ಮರ ಗಟ್ಟಿಯಾಗೇ ಇರುತ್ತೆ. ವಾರ್ನಿಶ್ ಏಳೋದಕ್ಕೂ ಅದೇ ಬಿಸಿಲು ಕಾರಣ. ಕಿರಣ ಪಾರದರ್ಶಕ ಲೇಪವನ್ನು ದಾಟಿ ಕೆಳಗಿನ ಮರವನ್ನೇ ಸಡಿಲ ಮಾಡಿದ್ರೆ, ಮೇಲಿನದು ಯಾವುದನ್ನ ಹಿಡ್ಕೊಂಡು ನಿಲ್ಲಬೇಕು ಹೇಳಿ? ಬಣ್ಣ ಬೆರೆತ ಲೇಪಕ್ಕೆ ಆ ಬಣ್ಣವೇ ಕೊಡೆ.

ಮೊನ್ನೆ ಶನಿವಾರ ಕೆರೀತಾ ಕೂತಾಗ ಕ್ಯಾಪ್ಟನ್ ಒಳಗಿಂದ ಬಾಗಿಲಿನ ಮೂರು ಹಲಗೆ ಹೊತ್ತು ತಂದರು. ಹೋದ ವರ್ಷ ಅವುಗಳಿಗೆ ನಾನು ಕೈ ಹಾಕಿರಲಿಲ್ಲ, ಸೋಮಾರಿತನ. ಸದಾ ಕ್ಯಾನ್ವಾಸ್ ಹೊದಿಕೆಯ ನೆರಳಲ್ಲಿ ಇದ್ದದ್ದರಿಂದ ಆಕೆಯ ವಾರ್ನಿಶ್ ಅವುಗಳ ಮೇಲೆ ಹಾಗೇ ಇದೆ, ಜೋನಿಬೆಲ್ಲದ ಬಣ್ಣ. ಹೊಳಪು ಮಾತ್ರ ಕುಂದಿದೆ. "ಇದನ್ನ ಕೆರೆಯೋದು ಬೇಡ ಅಲ್ವಾ?" ಅಂತ ಕೇಳಿದರು. ಈ ದೋಣಿಯ ಮರದ ಬಗ್ಗೆ ಅವರು ನನ್ನನ್ನ ಕೇಳಿದ ಮೊದಲ ಪ್ರಶ್ನೆ ಅದು. ಬೇಡ, 220 ನಂಬರಿನ ಪೇಪರಿನಲ್ಲಿ ಹಗುರವಾಗಿ ಉಜ್ಜಿ ಮೇಲೆರಡು ಕೋಟು ಕೊಟ್ರೆ ಸಾಕು ಅಂದೆ.

ಅಲ್ಲೇ ಕಾಫಿ ಕುಡೀತಾ ಹಂಚಿಕೊಂಡೆವು. ಸದಾ ನೀರು ಬಡಿಯೋ, ಹಗ್ಗ ಉಜ್ಜೋ ಅಂಚುಪಟ್ಟಿಗೆ ಏನೂ ಬೇಡ. ಉಪ್ಪು ನೀರಿನಲ್ಲಿ, ಮೆತ್ತನೆ ಬ್ರಶ್ಶಿನಲ್ಲಿ, ಎಳೆಗೆ ಅಡ್ಡಲಾಗಿ ತೊಳೆದು ಬೆಳ್ಳಗಾಗಲು ಬಿಡೋದು. ಕಟಾಂಜನಕ್ಕೆ ಸೆಟಾಲ್, ವರ್ಷಕ್ಕೊಂದು ಕೋಟು ನನ್ನ ಪಾಲು. ಅದರ ಮೇಲೆ ಕ್ಯಾನ್ವಾಸ್ ಚೀಲ ಹೊಲಿಸೋದು. ಆ ಮೂರು ಹಲಗೆಗೆ ಮಾತ್ರ ವಾರ್ನಿಶ್. ಮನೆಗೆ ಒಯ್ದು, ಗರಾಜಿನಲ್ಲಿ ಕೂತು ಹಚ್ಚಬಹುದಾದ ಕೆಲಸ. ಅದನ್ನ ಕ್ಯಾಪ್ಟನ್ ತಾನೇ ಮಾಡ್ತೀನಿ ಅಂದಿದ್ದಾರೆ. ದೋಣಿ ಮಾರೋ ಮಾತು ಸದ್ಯಕ್ಕೆ ಬಂದಿಲ್ಲ.

ಎಕ್ಸೆಲ್ ಶೀಟಿಗೆ ಎರಡು ಕಾಲಮ್ ಸೇರಿಸಿದ್ದೀನಿ. "ಕೆಟ್ಟರೆ ಏನು" ಅನ್ನೋದು ಒಂದು, "ಮುಂದಿನ ವರ್ಷ ಯಾರು" ಅನ್ನೋದು ಇನ್ನೊಂದು. ಐದನೇ ಸಾಲಿನ ಸೊನ್ನೆಯನ್ನೂ ತಿದ್ದಿದೆ.

ಅಂದ ಹಾಗೆ, ಮೇ ತಿಂಗಳಿಗೆ ಊರಿಗೆ ಟಿಕೆಟ್ ತೆಗೆದಿದ್ದೀನಿ, ಮಳೆ ಹಿಡಿಯೋ ಮೊದಲು. ದಣಪೆ ಉಜ್ಜೋದಕ್ಕೆ ಸ್ಯಾಂಡ್‌ಪೇಪರ್ ಇಲ್ಲಿಂದ್ಲೇ ಒಯ್ಯಬಹುದು, ಗೇರೆಣ್ಣೆ ಅಲ್ಲೇ ಹುಡುಕಬೇಕು. ಹೊನ್ನಾವರ, ಕುಮಟಾ ಕಡೆಯವರು ಯಾರಾದ್ರೂ ಓದ್ತಾ ಇದ್ರೆ, ಒಳ್ಳೇ ಗೇರೆಣ್ಣೆ ಈಗ ಎಲ್ಲಿ ಸಿಗುತ್ತೆ ಅಂತ ಒಂದು ಸಾಲು ಬರೀತೀರಾ?