ಚಿಕ್ಕು ತೋಟದಾಚೆಯ ಹೊಗೆಕೊಳವೆ

ಚರ್ಚ್‌ಗೇಟಿನಿಂದ ಡಹಾಣು ರೋಡಿಗೆ ಸುಮಾರು 124 ಕಿಲೋಮೀಟರ್. 2013ರಿಂದ ಲೋಕಲ್ ಗಾಡಿಯೇ ಅಲ್ಲಿಯವರೆಗೆ ಹೋಗುತ್ತದೆ. ಗಾಡಿಗಳು ಕಡಿಮೆ, ಹಿಂತಿರುಗುವ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಯುವಮಿತ್ರರಿಗೆ ಡಹಾಣು ಎಂದರೆ ಚಿಕ್ಕು, ವಾರ್ಲಿ ಚಿತ್ರ, ಕಡಲತೀರ. ಅವನ್ನೆಲ್ಲ ನೋಡಿ. ಜೊತೆಗೆ ಅಳಿವೆಯ ಪಕ್ಕದ ಉಷ್ಣವಿದ್ಯುತ್ ಸ್ಥಾವರದ ಹೊಗೆಕೊಳವೆಯನ್ನೂ ಒಮ್ಮೆ ಕತ್ತೆತ್ತಿ ನೋಡಿ. ಎತ್ತರ 275 ಮೀಟರ್. ನಮ್ಮ ಉಪನಗರಗಳ ದೀಪ ಉರಿಯುವುದಕ್ಕೆ ಇದರ 500 ಮೆಗಾವಾಟ್ ಕೂಡ ಬೇಕು.

ಈ ಸ್ಥಾವರ ಎದ್ದದ್ದು 1990ರ ದಶಕದಲ್ಲಿ. ಆಗ ಹೊಗೆಯಲ್ಲಿನ ಧೂಳಿಗೆ ಮಿತಿ ಇತ್ತು, ಗಂಧಕದ ಡೈಆಕ್ಸೈಡಿಗೆ ಇರಲಿಲ್ಲ. ಅದಕ್ಕೆ ಇದ್ದದ್ದು ಕೊಳವೆ ಇಷ್ಟು ಎತ್ತರವಿರಬೇಕೆಂಬ ನಿಯಮ ಮಾತ್ರ. ಅನಿಲ ಮೇಲೆ ಹೋಗಿ ಚದುರಲಿ ಎಂಬ ಲೆಕ್ಕಾಚಾರ. ನಮ್ಮ ಅಂಗಳದ ಕಸವನ್ನು ಪಕ್ಕದ ಮನೆಯತ್ತ ಗುಡಿಸಿದ ಹಾಗೆ!

ಆದರೆ ಡಹಾಣು ತಾಲೂಕನ್ನು ಕೇಂದ್ರ ಸರಕಾರ 1991ರಲ್ಲೇ ಸೂಕ್ಷ್ಮ ಪರಿಸರದ ಪ್ರದೇಶವೆಂದು ಸಾರಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 1996ರಲ್ಲಿ ನಿವೃತ್ತ ನ್ಯಾಯಮೂರ್ತಿ ಧರ್ಮಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವೊಂದು ಬಂತು. ಗಂಧಕ ತೆಗೆಯುವ ಯಂತ್ರ ಹಾಕಲೇಬೇಕೆಂದು ಅದು ಪಟ್ಟು ಹಿಡಿಯಿತು. ವರ್ಷಗಳು ಕಳೆದರೂ ಬಿಡಲಿಲ್ಲ, ಬ್ಯಾಂಕ್ ಗ್ಯಾರಂಟಿ ಕೊಡಿ ಎಂದಿತು. ಕಡೆಗೆ 2007ರಲ್ಲಿ ಯಂತ್ರ ಬಂತು. ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವುದು, ಅಷ್ಟೇ. ಆ ನೀರಿನ ಕ್ಷಾರಗುಣವೇ ಅನಿಲವನ್ನು ಹಿಡಿದುಕೊಳ್ಳುತ್ತದೆ.

ದೇಶಕ್ಕೆಲ್ಲ ಅಂಕಿಯ ಮಿತಿ ಬಂದದ್ದು 2015ರ ಡಿಸೆಂಬರಿನಲ್ಲಿ. 2017ರಿಂದ ಏಳುವ ಘಟಕಗಳಿಗೆ ಘನಮೀಟರ್ ಹೊಗೆಯಲ್ಲಿ 100 ಮಿಲಿಗ್ರಾಂ, ಹಳೆಯ ಸಣ್ಣ ಘಟಕಗಳಿಗೆ 600. ಹಳೆಯವಕ್ಕೆ ಕೊಟ್ಟ ಎರಡು ವರ್ಷದ ಗಡುವು ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. 2025ರ ಜುಲೈಯಲ್ಲಿ ದೊಡ್ಡ ನಗರಗಳಿಂದ ದೂರವಿರುವ, ಶೇಕಡಾ 78ರಷ್ಟು ಘಟಕಗಳಿಗೆ ವಿನಾಯಿತಿಯೇ ಸಿಕ್ಕಿತು. ಷರತ್ತು ಏನು ಗೊತ್ತೇ? ಕೊಳವೆ ಸಾಕಷ್ಟು ಎತ್ತರವಿರಬೇಕು! ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಸರಕಾರದ ವಾದ. ಅದು ಸುಳ್ಳೇನಲ್ಲ. ಆದರೆ ಸುಡುವ ರಾಶಿ ಎಷ್ಟು ದೊಡ್ಡದು!

ರಜೆಯಲ್ಲಿ ಊರಿಗೆ ಹೋಗುವ ಕರಾವಳಿಯ ಮಕ್ಕಳಿಗೆ ಇದು ಬರೀ ಮಹಾರಾಷ್ಟ್ರದ ಮಾತಲ್ಲ. ಪಡುಬಿದ್ರಿಯ ಸಮೀಪ ಎಲ್ಲೂರಿನಲ್ಲೂ 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. ಈ ಸಲ ಹೋದಾಗ ಅಲ್ಲಿಯ ತೋಟದವರನ್ನು ಮಾತಾಡಿಸಿ. ನಿಮ್ಮ ತುಳು ತೊದಲಿದರೂ ಅವರು ಕೂರಿಸಿಕೊಂಡು ಹೇಳುತ್ತಾರೆ.