ಎಣ್ಣೆ ತಾಗದ ಕೈ

ಕೆಲಸ ಮುಗಿಸಿ ಬಂದವರು ಕೈ ತೊಳೆಯುವುದನ್ನು ಎಲ್ಲರೂ ನೋಡಿದ್ದಾರೆ. ಆ ಮನೆಯ ಯಜಮಾನರು ಮಾತ್ರ ಕೆಲಸಕ್ಕೆ ಹೊರಡುವ ಮುನ್ನ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆಯುತ್ತಿದ್ದರು. ತಲೆಗೆ ಎಣ್ಣೆ ಏನಿದ್ದರೂ ರಜೆಯ ದಿನ ಮಾತ್ರ. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂತ ತಾಯಿ, "ಹಬ್ಬದ ದಿನವೂ ತಲೆಗೆ ಎಣ್ಣೆ ಬೇಡ ಅನ್ನುವ ಅದೆಂಥ ನೌಕರಿಯೋ ನಿನ್ನದು!" ಎಂದು ಗೊಣಗುತ್ತಿದ್ದರು. ಮಗ ನಕ್ಕು ಸೈಕಲ್ ಏರುತ್ತಿದ್ದರು.

ನೌಕರಿ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರ ಅನಿಲ ಕೊಠಡಿಯಲ್ಲಿ. ವಾರ್ಡುಗಳಿಗೆ ಆಮ್ಲಜನಕ ಹೋಗುವುದು ಅಲ್ಲಿಂದ. ಅವರ ಮಗ ಒಂಬತ್ತನೆಯ ತರಗತಿ. ಗೆಳೆಯರು ಕೇಳಿದರೆ "ಅಪ್ಪ ಆಸ್ಪತ್ರೆಯಲ್ಲಿದ್ದಾರೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದ. ಸಿಲಿಂಡರ್ ಉರುಳಿಸುವ ಕೆಲಸ ಎಂದು ಹೇಳಿಕೊಳ್ಳಲು ಅವನಿಗೆ ಸಂಕೋಚ.

ಒಂದು ದಿನ ಊಟದ ಡಬ್ಬಿ ಕೊಡಲು ಹೋದ ಹುಡುಗ, ಅಪ್ಪ ಬಿಗಿಯಾದ ವಾಲ್ವ್ ತಿರುಗಿಸಲು ಹೆಣಗುವುದನ್ನು ಕಂಡ. "ಅಪ್ಪಾ, ಎರಡು ತೊಟ್ಟು ಎಣ್ಣೆ ಬಿಟ್ಟರೆ ಸಲೀಸಾಗುತ್ತಲ್ಲ?" ಎಂದ. ಅಪ್ಪ ತಟ್ಟನೆ ಕೈ ನಿಲ್ಲಿಸಿದರು.

"ಈ ಕೋಣೆಯಲ್ಲಿ ಎಣ್ಣೆಯ ಮಾತೇ ಬೇಡ ಮಗಾ. ಆಮ್ಲಜನಕ ತಾನು ಉರಿಯುವುದಿಲ್ಲ, ಉರಿಯಲು ನೆರವಾಗುತ್ತದೆ ಅಂತ ಪಾಠದಲ್ಲಿ ಓದಿದ್ದೀಯಲ್ಲ? ಅದು ಇಷ್ಟು ಒತ್ತಡದಲ್ಲಿದ್ದಾಗ ಎಣ್ಣೆಯ ಪಸೆ ಇದ್ದರೂ ಸಾಕು, ಬೆಂಕಿಕಡ್ಡಿ ಬೇಕಿಲ್ಲ. ಸೈಕಲ್ ಪಂಪು ಹೊಡೆದಾಗ ಬುಡ ಬಿಸಿಯಾಗುತ್ತದಲ್ಲ, ಹಾಗೇ. ವಾಲ್ವ್ ಒಮ್ಮೆಲೇ ತೆರೆದರೆ ಅನಿಲ ರೆಗ್ಯುಲೇಟರಿನೊಳಗೆ ನುಗ್ಗಿ ಒತ್ತಿಕೊಂಡು ಕಾಯುತ್ತದೆ. ಅಲ್ಲಿ ಎಣ್ಣೆ ಇದ್ದರೆ ಮುಗಿಯಿತು. ಅದಕ್ಕೇ ಕೈ ಶುದ್ಧವಾಗಿರಬೇಕು, ವಾಲ್ವನ್ನು ನಿಧಾನ ತಿರುಗಿಸಬೇಕು. ಬಿಗಿಯಾದರೆ ಬದಿಗಿಟ್ಟು ತುಂಬಿಸಿದವರಿಗೇ ವಾಪಸು ಕಳಿಸಬೇಕು."

1967ರ ಜನವರಿ 27ರಂದು ಅಮೆರಿಕದ ಅಪೊಲೊ 1 ನೌಕೆಯೊಳಗೆ ನೆಲದ ಮೇಲೇ ನಡೆಯುತ್ತಿದ್ದ ಪರೀಕ್ಷೆಯಲ್ಲಿ ಮೂವರು ಗಗನಯಾತ್ರಿಗಳು ಬೆಂಕಿಗೆ ಬಲಿಯಾದರು. ನೌಕೆಯೊಳಗೆ ತುಂಬಿದ್ದುದು ಶುದ್ಧ ಆಮ್ಲಜನಕ. ಸಣ್ಣ ಕಿಡಿ ಅಲ್ಲಿ ಕ್ಷಣಮಾತ್ರದಲ್ಲಿ ಜ್ವಾಲೆಯಾಯಿತು.

ಅಂದು ಹುಡುಗ ಅಲ್ಲಿ ಇನ್ನಷ್ಟು ಕಲಿತ. ಸಿಲಿಂಡರುಗಳನ್ನು ಸರಪಳಿಯಿಂದ ಗೋಡೆಗೆ ಬಿಗಿದಿದ್ದರು. ಉರುಳಿ ಬಿದ್ದು ವಾಲ್ವ್ ಮುರಿದರೆ ಸಿಲಿಂಡರು ರಾಕೆಟ್ಟಿನಂತೆ ಹಾರೀತು. ಕಪ್ಪು ಮೈ, ಬಿಳಿ ಹೆಗಲಿನದು ಆಮ್ಲಜನಕ. ನೀಲಿ ಬಣ್ಣದ್ದು ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್. ಬಣ್ಣವೊಂದನ್ನೇ ನಂಬುವಂತಿಲ್ಲ, ಹೆಸರನ್ನೂ ಓದಬೇಕು. ಸಣ್ಣ ಸಿಲಿಂಡರಿನ ಕುತ್ತಿಗೆಯಲ್ಲಿ ಎರಡು ತೂತುಗಳಿರುತ್ತವೆ, ಯಂತ್ರದಲ್ಲಿ ಅದಕ್ಕೆ ತಕ್ಕ ಎರಡು ಮೊಳೆಗಳು. ಅನಿಲ ಬೇರೆಯಾದರೆ ತೂತಿನ ಜಾಗವೂ ಬೇರೆ. ಕೂರದಿದ್ದರೆ ಬಲವಂತವಾಗಿ ಕೂರಿಸಬಾರದು.

ಲೆಕ್ಕವೂ ಇತ್ತು. ಹತ್ತು ಲೀಟರ್ ನೀರು ಹಿಡಿಸುವ ಸಿಲಿಂಡರಿನಲ್ಲಿ ವಾತಾವರಣದ 150 ಪಟ್ಟು ಒತ್ತಡವಿದ್ದರೆ, ಬಾಯ್ಲನ ನಿಯಮದಂತೆ ಹೊರಗೆ ಸುಮಾರು 1500 ಲೀಟರ್ ಅನಿಲ. ರೋಗಿಗೆ ನಿಮಿಷಕ್ಕೆ ಐದು ಲೀಟರಿನಂತೆ ಕೊಟ್ಟರೆ ಐದು ಗಂಟೆ. ಮುಳ್ಳು 75ಕ್ಕೆ ಇಳಿದರೆ ಉಳಿದದ್ದು ಎರಡೂವರೆ ಗಂಟೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ನಿಯಮ ಅಪ್ಪನಿಗೆ ಗಡಿಯಾರವಾಗಿತ್ತು!

ಕೆಲವು ತಿಂಗಳ ಬಳಿಕ ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆ. ಹಾರ ತುರಾಯಿ ಸಿದ್ಧ, ಗಣ್ಯರು ಹೊರಟಾಗಿತ್ತು. ಆದರೆ ಅಪ್ಪ ಆಮ್ಲಜನಕ ಅಳೆಯುವ ಉಪಕರಣ ಹಿಡಿದು ಪ್ರತಿ ಹಾಸಿಗೆಯ ತಲೆದೆಸೆಯ ಕಿಂಡಿಯನ್ನೂ ಪರೀಕ್ಷಿಸುತ್ತಿದ್ದರು. "ಕಂಟ್ರಾಕ್ಟರು ಎಲ್ಲ ನೋಡಿದ್ದಾರಲ್ರೀ, ನಿಮ್ಮದೇನು ಹೊಸ ತಕರಾರು?" ಎಂದು ಅಧಿಕಾರಿಯೊಬ್ಬರು ಎಲ್ಲರೆದುರು ಗದರಿದರು. "ಇನ್ನು ಹನ್ನೊಂದು ಉಳಿದಿವೆ ಸಾರ್. ನೋಡದೆ ಸಹಿ ಹಾಕಲಾರೆ" ಎಂದು ಇವರು ಮುಂದಿನ ಹಾಸಿಗೆಗೆ ನಡೆದರು. ಬಾಗಿಲಲ್ಲಿ ನಿಂತಿದ್ದ ಹುಡುಗ ನಾಚಿಕೆಯಿಂದ ತಲೆ ತಗ್ಗಿಸಿದ. ಸಮಾರಂಭ ಒಂದು ಗಂಟೆ ತಡವಾಯಿತು. ಎಲ್ಲ ಕಿಂಡಿಗಳೂ ಸರಿಯಾಗಿಯೇ ಇದ್ದವು. ಯಾರೋ ನಕ್ಕರು ಕೂಡ.

ರಾತ್ರಿ ಹುಡುಗ ಸಿಡುಕಿದ: "ಏನೂ ತಪ್ಪಿರಲಿಲ್ಲವಲ್ಲಪ್ಪ, ಸುಮ್ಮನೆ ಬೈಸಿಕೊಂಡಿರಿ."

ಅಪ್ಪ ಆಗ ಸಿಡ್ನಿಯ ಬ್ಯಾಂಕ್ಸ್‌ಟೌನ್-ಲಿಡ್‌ಕೂಂಬ್ ಆಸ್ಪತ್ರೆಯ ಕಥೆ ಹೇಳಿದರು. 2015ರಲ್ಲಿ ಅಲ್ಲಿ ಕೊಳವೆ ಜೋಡಿಸುವಾಗ ಅದಲುಬದಲಾಯಿತು. ಆಮ್ಲಜನಕ ಎಂದು ಬರೆದಿದ್ದ ಕಿಂಡಿಯಲ್ಲಿ ಬಂದದ್ದು ನೈಟ್ರಸ್ ಆಕ್ಸೈಡ್. 2016ರಲ್ಲಿ ಆಗತಾನೇ ಹುಟ್ಟಿದ ಒಂದು ಮಗು ಅದರಿಂದ ಸತ್ತಿತು, ಇನ್ನೊಂದಕ್ಕೆ ಗಂಭೀರ ಹಾನಿಯಾಯಿತು. "ಉಪಕರಣ ಹಿಡಿದು ಆ ಕಿಂಡಿಯನ್ನು ಒಮ್ಮೆ ಸರಿಯಾಗಿ ಪರೀಕ್ಷಿಸಿದ್ದರೆ ಸಾಕಿತ್ತು ಮಗಾ. ತಪ್ಪು ಸಿಗಲಿಲ್ಲ ಅಂದರೆ ಕೆಲಸ ದಂಡವಾಯಿತು ಅಂತಲ್ಲ. ಈ ರಾತ್ರಿ ಅಲ್ಲಿ ಮಲಗಿದವರು ನಿಶ್ಚಿಂತೆಯಿಂದ ಉಸಿರಾಡಬಹುದು ಅಂತ."

2021ರ ಏಪ್ರಿಲ್ 21ರಂದು ನಾಸಿಕದ ಆಸ್ಪತ್ರೆಯೊಂದರಲ್ಲಿ ದ್ರವ ಆಮ್ಲಜನಕದ ತೊಟ್ಟಿ ಸೋರಿ, ಪೂರೈಕೆ ನಿಂತು ಕನಿಷ್ಠ 22 ರೋಗಿಗಳು ಅಸುನೀಗಿದ್ದನ್ನು ಹುಡುಗನೂ ಓದಿದ್ದ. ಅವನು ಮತ್ತೆ ಮಾತಾಡಲಿಲ್ಲ.

ಈಗ ಎಷ್ಟೋ ಮನೆಗಳಿಗೇ ಸಿಲಿಂಡರು, ಕಾನ್ಸಂಟ್ರೇಟರು ಬಂದಿವೆ. ಆಮ್ಲಜನಕ ಹಾಕಿಕೊಂಡ ಅಜ್ಜನ ಪಕ್ಕ ಊದುಬತ್ತಿ, ದೀಪ, ಬೀಡಿ ಇರಬಾರದು. ಮೂಗು ಒಣಗಿತೆಂದು ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ಹಚ್ಚಬಾರದು. ನೀರಿನ ಅಂಶದ ಮುಲಾಮನ್ನು ವೈದ್ಯರನ್ನು ಕೇಳಿ ಪಡೆಯಬೇಕು. ಇಷ್ಟನ್ನು ಮನೆಯ ಮಕ್ಕಳೇ ನೆನಪಿಸಬಲ್ಲರು.

ಮರುವರ್ಷದ ದೀಪಾವಳಿ. ಅಜ್ಜಿ ಎಂದಿನಂತೆ ಎಣ್ಣೆ ಬಟ್ಟಲು ಹಿಡಿದು ಬಂದರು. ಅವರು ಬಾಯಿ ತೆರೆಯುವ ಮೊದಲೇ ಮೊಮ್ಮಗ ಮಣೆಯ ಮೇಲೆ ಕುಳಿತು ತಲೆಯೊಡ್ಡಿದ.

"ಅಜ್ಜೀ, ಅಪ್ಪನ ಪಾಲಿನದನ್ನೂ ನನಗೇ ಹಚ್ಚು. ಅಪ್ಪನಿಗೆ ಇವತ್ತು ಡ್ಯೂಟಿ ಇದೆ."