ಹಲಸೂರಿನ ಹೊಸ್ತಿಲುಗಲ್ಲಿನಿಂದ ಕೃಷ್ಣರಾಜಪುರದ ಕೊಳವೆಬಾವಿಯವರೆಗೆ

ಕಳೆದ ವೈಶಾಖದಲ್ಲಿ ನಮ್ಮ ಸೋದರಳಿಯನಿಂದ ದೂರವಾಣಿ ಕರೆ ಬಂದಿತು. ಕೃಷ್ಣರಾಜಪುರದ ಆಚೆ ಆತನು ಕಟ್ಟಿಸುತ್ತಿರುವ ಮನೆಯ ಕೊಳವೆಬಾವಿ 1,200 ಅಡಿ ಇಳಿದರೂ ನೀರಿನ ಸುಳಿವಿರಲಿಲ್ಲ. "ಮಾವ, ಇನ್ನೂ 300 ಅಡಿ ಇಳಿಸೋಣವೆಂದು ಕೊರೆಯುವವರು ಹೇಳುತ್ತಿದ್ದಾರೆ. ತಾವು ಒಮ್ಮೆ ಬಂದು ನೋಡಿ ಹೇಳಬೇಕು" ಎಂದನು. ನಾವು ಮಠದಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಓದಿದವರೇ ಹೊರತು ಭೂಗರ್ಭವನ್ನು ಬಲ್ಲವರಲ್ಲ. ಮನೆಯ ಹಿರಿಯರೆಂಬ ಒಂದೇ ಕಾರಣಕ್ಕೆ ತೋಚಿದ್ದನ್ನು ಹೇಳಿ ಆತನ ಸಾಲದ ಹಣವನ್ನು ಕಲ್ಲಿನೊಳಗೆ ಹೂಳಿಸುವುದು ಸಲ್ಲದೆಂದು ಭಾವಿಸಿ, ಹಲಸೂರಿನಲ್ಲಿರುವ ನಮ್ಮ ಹಳೆಯ ಸ್ನೇಹಿತರನ್ನು ಜೊತೆಗೆ ಕರೆದೆವು. ಅವರು ಭೂವಿಜ್ಞಾನವನ್ನು ಬೋಧಿಸಿ ನಿವೃತ್ತರಾದವರು.

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಅವರು ನಮಗಾಗಿ ಕಾದಿದ್ದರು. ಆ ಜನಜಂಗುಳಿಯ ನಡುವೆ ಅವರು ಮೊದಲು ತೋರಿಸಿದ್ದು ನೆಲವನ್ನು. ದಂಡು ರೈಲುನಿಲ್ದಾಣದಿಂದ ಇಲ್ಲಿಯವರೆಗಿನ ಮೆಟ್ರೋ ಸುರಂಗವನ್ನು 'ಊರ್ಜಾ' ಎಂಬ ಯಂತ್ರವು ಕೊರೆದು 2021ರ ಸೆಪ್ಟೆಂಬರಿನಲ್ಲಿ ಹೊರಬಂದಿತಂತೆ. ಉದ್ದ 855 ಮೀಟರು. ತೆಗೆದುಕೊಂಡ ಕಾಲ ಒಂದು ವರ್ಷಕ್ಕೂ ಹೆಚ್ಚು. ನಾವು ನಿಧಾನವಾಗಿ ನಡೆದರೂ ಕಾಲುಗಂಟೆ ಬೇಡದ ದಾರಿ! ಅಷ್ಟು ಕಠಿಣವಾದ ಬಂಡೆ ನಮ್ಮ ಪಾದಗಳ ಕೆಳಗಿದೆಯೆಂದು ಅಂದಿನವರೆಗೆ ನಾವು ಯೋಚಿಸಿಯೇ ಇರಲಿಲ್ಲ.

ಹಲಸೂರಿನಲ್ಲಿ ಅವರ ಮನೆಯ ಹೊಸ್ತಿಲು ಹಳೆಯ ಚಪ್ಪಡಿಯದು. ತಲೆಮಾರುಗಳ ಕಾಲು ಸವೆಸಿದ ಆ ಕಲ್ಲಿನ ಮೇಲೆ ಒಂದು ಚೆಂಬು ನೀರು ಸುರಿದು ಕೈಯಿಂದ ಒರೆಸಿದರು. ಬೂದುಬಣ್ಣದ ಕಲ್ಲಿನಲ್ಲಿ ಬಿಳಿಯ ಮತ್ತು ಕಪ್ಪು ಪಟ್ಟೆಗಳು, ಇಳಕಲ್ ಸೀರೆಯನ್ನು ಮಡಿಸಿ ಹಿಂಡಿದಂತೆ, ಬಳುಕಿ ಬಳುಕಿ ಹರಿದಿರುವುದು ಕಂಡಿತು. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪನೆಯದು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್. ಇದಕ್ಕೆ ನೈಸ್ ಎಂದು ಹೆಸರು. ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾಗಿರುವ ಈ ಶಿಲೆಗೆ 'ಪೆನಿನ್ಸುಲಾರ್ ನೈಸ್' ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು. ಲಾಲ್‌ಬಾಗಿನ ಬಂಡೆಯೂ ಇದೇ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ.

"ಇದು ಹುಟ್ಟಿದಾಗ ಹೀಗಿರಲಿಲ್ಲ" ಎಂದರು ಸ್ನೇಹಿತರು. ಕರಗಿದ ಶಿಲಾಪಾಕವು ತಣಿದು ಆದದ್ದು ಅಗ್ನಿಶಿಲೆ. ಮರಳು-ಕೆಸರು ಪದರಪದರವಾಗಿ ಕುಳಿತು ಗಟ್ಟಿಯಾದದ್ದು ಪದರುಶಿಲೆ. ಇವೆರಡರಲ್ಲಿ ಯಾವುದೇ ಆಗಲಿ, ನೆಲದಾಳಕ್ಕೆ ಇಳಿದು, ಕಾವು ಮತ್ತು ಒತ್ತಡಗಳಿಗೆ ಸಿಲುಕಿ, ಪೂರ್ತಿ ಕರಗದೆಯೇ ಬೇರೊಂದಾದರೆ ಅದು ರೂಪಾಂತರ ಶಿಲೆ. ಹಸಿ ಇಟ್ಟಿಗೆಯು ಆವಿಗೆಯಲ್ಲಿ ಕರಗುವುದಿಲ್ಲ. ಆದರೂ ಬೆಂದು ಹೊರಬಂದದ್ದು ಮೊದಲಿನ ಮಣ್ಣಲ್ಲ. ಸುಣ್ಣಕಲ್ಲು ಹೀಗೆ ಬೆಂದು ಅಮೃತಶಿಲೆಯಾಗುತ್ತದೆ. ಬೇಲೂರು-ಹಳೇಬೀಡುಗಳ ಶಿಲ್ಪಿಗಳ ಉಳಿಗೆ ಬೆಣ್ಣೆಯಂತೆ ಒಲಿದ ಬಳಪದ ಕಲ್ಲೂ ರೂಪಾಂತರದ ಫಲವೇ.

ಪಟ್ಟೆಗಳು ಹೇಗೆ ಬಂದವು? ಹರಡಿದ ಹಸಿ ಅವಲಕ್ಕಿಯನ್ನು ಅಂಗೈಯಿಂದ ಒತ್ತಿದರೆ ಅದರ ಚಪ್ಪಟೆ ಕಾಳುಗಳೆಲ್ಲ ಮಲಗಿಬಿಡುತ್ತವೆಯಲ್ಲವೇ? ಒಂದೇ ದಿಕ್ಕಿನಿಂದ ಒತ್ತಡ ಬಿದ್ದಾಗ ಅಭ್ರಕದ ಹಾಳೆಗಳೂ ಹಾಗೆಯೇ ಅಡ್ಡಲಾಗಿ ಮಲಗುತ್ತವೆ, ಆ ದಿಕ್ಕಿನಲ್ಲಿಯೇ ಹೊಸದಾಗಿ ಬೆಳೆಯುತ್ತವೆ. ಕಾವು ಹೆಚ್ಚಿದಂತೆ ಬಿಳಿ ಖನಿಜಗಳು ಒಂದು ಕಡೆಗೂ ಕಪ್ಪು ಖನಿಜಗಳು ಇನ್ನೊಂದು ಕಡೆಗೂ ಸರಿದು ಸಾಲುಗಟ್ಟುತ್ತವೆ. ನಮ್ಮ ಸೀಮೆಯ ನೈಸಿಗೆ ತಗುಲಿದ ಕಾವು ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್. ಅಲ್ಲಲ್ಲಿ ಬಂಡೆಯು ಅರೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗುರುತುಗಳೂ ಇವೆ. 20 ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಗಳ ಭಾರವು ನಮ್ಮ ಮೇಲಿರುವ ವಾಯುಭಾರದ 5,000 ಪಟ್ಟಿಗೂ ಮಿಗಿಲು. ಇಂತಹ ಆಳದಲ್ಲಿ ಬೆಂದ ಕಲ್ಲು ಇಂದು ಹಲಸೂರಿನ ಹೊಸ್ತಿಲಾಗಿದೆಯೆಂದರೆ, ಅದರ ಮೇಲಿದ್ದುದೆಲ್ಲವೂ ಮಳೆ-ಗಾಳಿಗಳಿಗೆ ಸವೆದುಹೋಗಿದೆಯೆಂದೇ ಅರ್ಥ. ನಾವು ಆ ಹೊಸ್ತಿಲನ್ನು ದಾಟುವಾಗ ಕಾಲಿಡಲು ಕ್ಷಣಕಾಲ ಅಳುಕಿದೆವು.

ಆಳಕ್ಕೆ ಹೋದಂತೆ ಕಾವು ಏರುವುದೆಂಬುದು ಕೇವಲ ಊಹೆಯಲ್ಲ. ಇದೇ ಹಳೆಯ ಮದರಾಸು ರಸ್ತೆ ಸಾಗುವ ಪೂರ್ವ ಸೀಮೆಯಲ್ಲಿಯೇ ಕೋಲಾರದ ಚಿನ್ನದ ಗಣಿಗಳಿದ್ದವು. ಅಲ್ಲಿನ ಕಪ್ಪು ಶಿಲೆ ಸುಮಾರು 270 ಕೋಟಿ ವರ್ಷಗಳ ಹಿಂದಿನ ಲಾವಾ ರೂಪಾಂತರಗೊಂಡದ್ದು. 2001ರಲ್ಲಿ ಮುಚ್ಚುವ ಹೊತ್ತಿಗೆ ಗಣಿಯು 3 ಕಿಲೋಮೀಟರಿಗೂ ಆಳ ಇಳಿದಿತ್ತು. ತಳದ ಬಂಡೆಯ ಉಷ್ಣತೆ 60 ಡಿಗ್ರಿಗೂ ಮೀರಿತ್ತು. ಗಾಳಿಯನ್ನು ತಂಪುಮಾಡಿ ಕಳುಹಿಸದಿದ್ದರೆ ಕಾರ್ಮಿಕರು ಅಲ್ಲಿ ನಿಲ್ಲುವಂತಿರಲಿಲ್ಲ.

ಇಂದಿರಾನಗರದ ಅಂಗಡಿ ಸಾಲುಗಳಲ್ಲಿ ನಮಗೆ ನೋಡುವಂಥದ್ದೇನೂ ಇರಲಿಲ್ಲ. ನುಣುಪುಗೊಳಿಸಿದ ಕಲ್ಲಿನ ಗೋಡೆಗಳಲ್ಲಿ ಕೆಲವು ದೂರದ ಊರಿನವು ಎಂದು ಸ್ನೇಹಿತರು ಗೊಣಗಿದರು. ಮಧ್ಯಾಹ್ನದ ಹೊತ್ತಿಗೆ ಕೃಷ್ಣರಾಜಪುರವನ್ನು ಮುಟ್ಟಿದೆವು.

ನಿವೇಶನದಲ್ಲಿ ಕೊಳವೆಬಾವಿಯ ಪುಡಿ ರಾಶಿಬಿದ್ದಿತ್ತು. ಮೊದಲು ಬಂದದ್ದು ಕೆಮ್ಮಣ್ಣು, ಬಳಿಕ ಹಿಟ್ಟಾದ ಕೊಳೆಗಲ್ಲು, 70 ಅಡಿಯ ಕೆಳಗೆ ಬರಿಯ ಬೂದುಬಣ್ಣದ ಧೂಳು. ಸ್ನೇಹಿತರು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಸೋದರಳಿಯನನ್ನು ಹತ್ತಿರ ಕರೆದು, "ನೋಡಪ್ಪ, ಬೆಳಿಗ್ಗೆ ನಿಮ್ಮ ಮಾವನವರಿಗೆ ತೋರಿಸಿದ ಹೊಸ್ತಿಲಿನದೇ ಪುಡಿ ಇದು" ಎಂದರು. ಮರಳುಗಲ್ಲಿನ ಕಣಗಳ ನಡುವೆ ಸಂದುಗಳಿದ್ದು ಅಲ್ಲಿ ನೀರು ನಿಲ್ಲುತ್ತದೆ. ನೈಸಿನಲ್ಲಿ ಹಾಗಿಲ್ಲ. ಬೇಯುವಾಗಲೇ ಅದರ ಹರಳುಗಳು ಒಂದರೊಳಗೊಂದು ಹಲ್ಲುಕಚ್ಚಿ ಬೆಳೆದು ಸಂದುಗಳನ್ನು ಮುಚ್ಚಿಬಿಟ್ಟಿವೆ. ಇನ್ನು ನೀರು ನಿಲ್ಲುವುದಾದರೆ ಮೇಲಿನ ಕೊಳೆಗಲ್ಲಿನಲ್ಲಿ, ಇಲ್ಲವೇ ಬಂಡೆ ಸೀಳಿದ ಬಿರುಕುಗಳಲ್ಲಿ. ಮೇಲಿನ ಭಾರ ಇಳಿದಾಗ ಉಂಟಾದ ಆ ಬಿರುಕುಗಳು ಮೇಲ್ಗಡೆ ಹೆಚ್ಚು. ಆಳಕ್ಕೆ ಹೋದಂತೆ ವಿರಳವಾಗಿ, ಒತ್ತಿಕೊಂಡು ಮುಚ್ಚಿರುತ್ತವೆ. ಇನ್ನೂ 300 ಅಡಿಯಲ್ಲಿ ನೀರು ಸಿಕ್ಕಲಾರದೆಂದು ಹೇಳಲಾಗದು, ಆದರೆ ಅದು ಜೂಜು.

ಇದು ಆತನೊಬ್ಬನ ಪಾಡಲ್ಲ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವೆಂದು ಸರ್ಕಾರವೇ ಹೇಳಿತ್ತು. ಈ ಪೂರ್ವ ಬಡಾವಣೆಗಳಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲುಗಳನ್ನು ನಾವೇ ಕಂಡಿದ್ದೆವು. ಹಿಂದಿನವರಿಗೆ ನೈಸ್ ಎಂಬ ಹೆಸರು ತಿಳಿದಿರಲಿಕ್ಕಿಲ್ಲ. ಈ ನೆಲ ತನ್ನೊಳಗೆ ನೀರನ್ನು ಹೆಚ್ಚು ಹಿಡಿಯದೆಂಬುದು ಮಾತ್ರ ತಿಳಿದಿತ್ತು. ಆದುದರಿಂದಲೇ ಹಲಸೂರಿನಂತಹ ಕೆರೆಗಳನ್ನು ಕಟ್ಟಿ ಮಳೆಯನ್ನು ಮೇಲೆಯೇ ನಿಲ್ಲಿಸಿದರು. ನಿಂತ ನೀರು ಮೆಲ್ಲನೆ ಕೊಳೆಗಲ್ಲಿಗೆ ಇಳಿದು ಸುತ್ತಲಿನ ತೆರೆದ ಬಾವಿಗಳನ್ನು ತುಂಬುತ್ತಿತ್ತು.

"ಹಾಗಾದರೆ ನಾನೇನು ಮಾಡಲಿ, ಮಾವ?" ಎಂದು ಆತನು ನಮ್ಮ ಮುಖವನ್ನೇ ನೋಡಿದನು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30×40ರ ನಿವೇಶನದ ಮೇಲೆ ಬೀಳುವುದೇ 1 ಲಕ್ಷ ಲೀಟರಿನಷ್ಟಾಗುತ್ತದೆಂದು ಸ್ನೇಹಿತರು ಚೀಟಿಯ ಮೇಲೆ ಲೆಕ್ಕ ಹಾಕಿಕೊಟ್ಟರು. ಕೊರೆಯುವುದನ್ನು ನಿಲ್ಲಿಸೆಂದು ನಾವು ಹೇಳಿದೆವು. ಸೊಸೆಗೆ ಅದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಪಕ್ಕದ ಮನೆಯವರಿಗೆ 1,400 ಅಡಿಯಲ್ಲಿ ಸಿಕ್ಕಿದೆಯಲ್ಲ ಎಂದಳು. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಆದರೂ ಮರುವಾರ ಮನೆಯ ಮೂಲೆಯಲ್ಲಿ ಇಂಗುಬಾವಿಗೆ ಗುದ್ದಲಿ ಬಿದ್ದಿತು. 20 ಅಡಿಯವರೆಗೆ ಕೆಮ್ಮಣ್ಣು, ಅದರ ಕೆಳಗೆ ಕೈಯಿಂದ ಮುರಿಯಬಹುದಾದ ಕೊಳೆಗಲ್ಲು. ಅದರಲ್ಲಿಯೂ ಆ ಬಿಳಿ-ಕಪ್ಪು ಪಟ್ಟೆಗಳು ಮಾಸದೆ ಉಳಿದಿದ್ದವೆಂದು ಸೋದರಳಿಯನು ಹೇಳಿ, ಒಂದು ಹೆಂಟೆಯನ್ನು ನಮಗಾಗಿ ಕಾಗದದಲ್ಲಿ ಸುತ್ತಿ ಇರಿಸಿದ್ದಾನೆ.